ಅಳಿಯನ ಲ್ಯಾಪ್‌ಟಾಪ್ ಕಾಯ್ತಾ ಐತೆ

ಏಪ್ರಿಲ್ ೩, ಗುರುವಾರ

ಮಂಗಳಾ ಈ ಡೈರಿ ತಂದುಕೊಟ್ಟಳು. "ರೀ, ಮನೇಲಿ ಎಲ್ಲರ ಮೇಲೂ ಸಿಡಿಸಿಡಿ ಅನ್ನೋದನ್ನ ಇದರಲ್ಲಿ ಬರ್ಕೊಳ್ಳಿ, ನಂಗೆ ಕೇಳಿ ಸಾಕಾಗಿದೆ" ಅಂದಳು. ಯಾವುದೋ ಔಷಧಿ ಕಂಪನಿಯವರು ಅವಳ ಆಸ್ಪತ್ರೆಗೆ ಹಂಚಿದ್ದಂತೆ. ಪ್ರತಿ ಪುಟದ ಕೆಳಗೂ ಹೊಟ್ಟೆಯುರಿ ಮಾತ್ರೆಯ ಜಾಹೀರಾತು. ನನಗೆ ತಕ್ಕ ಡೈರಿಯೇ.

ಇವತ್ತೂ ಲ್ಯಾಪ್‌ಟಾಪ್ ಆಫ್ ಆಯಿತು. ಆನ್ ಮಾಡಿ ಒಂದು ಲೋಟ ಕಾಫಿ ಮುಗಿಸುವಷ್ಟರಲ್ಲಿ ತಳ ದೋಸೆ ಹೆಂಚಿನಂತೆ ಕಾಯುತ್ತದೆ, ಒಳಗಿನ ಫ್ಯಾನು ಮೆಟ್ಟಿಲು ಹತ್ತಿದ ಮುದುಕನಂತೆ ಏದುಸಿರು ಬಿಡುತ್ತದೆ, ಆಮೇಲೆ ಪಟ್ ಅಂತ ಪರದೆ ಕಪ್ಪು. ಏಪ್ರಿಲ್‌ನಲ್ಲಿ ಮಧುಗಿರಿಯಲ್ಲಿ ಮನುಷ್ಯರೇ ಹಾಗಾಗುತ್ತಾರೆ. ಬೆಟ್ಟ ಹಗಲೆಲ್ಲ ಬಿಸಿಲು ಕುಡಿದು ಸಂಜೆ ನಮ್ಮ ಬೀದಿಯ ಮೇಲೆ ಉಗುಳುತ್ತದೆ. ಆದರೆ ಮನುಷ್ಯರು ನೀರು ಕುಡಿದು ಎದ್ದು ಕೂರುತ್ತಾರೆ, ಇದು ಕೂರುವುದಿಲ್ಲ.

ತುಮಕೂರಿನಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಕಂಪನಿ ಮುಚ್ಚಿತು. ಮಂಗಳಾ ಇಲ್ಲಿನ ಆಸ್ಪತ್ರೆಗೆ ವರ್ಗ ಮಾಡಿಸಿಕೊಂಡಳು, ನಾನು ಅವಳ ಹಿಂದೆ ಅವಳ ತವರಿಗೆ ಬಂದೆ. ಮಾವನವರು ಪೆದ್ದಣ್ಣ, ಮಧುಗಿರಿ–ಪಾವಗಡ ಖಾಸಗಿ ಬಸ್ಸಿನ ಡ್ರೈವರಾಗಿದ್ದವರು. ಸಂಕ್ರಾಂತಿಯ ದಿನ ನೆಂಟರೆಲ್ಲ ಕೂತಿದ್ದಾಗ, "ಅಳಿಯ ಅನ್ನೋನು ಹಬ್ಬಕ್ಕೆ ಬರ್ಬೇಕು ಕಣ್ರಪ್ಪ, ರೇಷನ್ ಕಾರ್ಡಿಗೆ ಬರ್ಬಾರ್ದು" ಅಂದರು. ಎಲ್ಲರೂ ನಕ್ಕರು. ನಾನು ಅವತ್ತಿನಿಂದ ಅವರ ಹತ್ತಿರ ಮಾತು ಬಿಟ್ಟೆ. ನಾನು ಬಿಟ್ಟೆನೆಂದು ಅವರೂ ಬಿಟ್ಟರು. ಈಗ ಒಂದೇ ಹಜಾರದಲ್ಲಿ ಕೂತು, ಏನಿದ್ದರೂ ಅತ್ತೆಯ ಮೂಲಕ ಹೇಳಿ ಕಳಿಸುತ್ತೇವೆ. ಅತ್ತೆ ಚಿಕ್ಕಹನುಮಕ್ಕನವರು ಅಡಿಗೆಮನೆಗೂ ಹಜಾರಕ್ಕೂ ಓಡಾಡಿ ಸಣ್ಣಗಾಗಿದ್ದಾರೆ.

ಏಪ್ರಿಲ್ ೫, ಶನಿವಾರ

ಫೋನ್ ಬಂತು! ತುಮಕೂರಿನ ಆಡಿಟರ್ ವರಲಕ್ಷ್ಮಿ ಮೇಡಂ ಅವರಿಗೆ ಮನೆಯಿಂದಲೇ ಲೆಕ್ಕ ಮಾಡಿಕೊಡುವವರು ಬೇಕಂತೆ. ಇಪ್ಪತ್ತೆರಡನೇ ತಾರೀಖು, ಮಂಗಳವಾರ, ಬೆಳಿಗ್ಗೆ ಪರೀಕ್ಷೆ. ಅವರು ಬಿಲ್ಲುಗಳನ್ನು ಕಳಿಸುತ್ತಾರೆ, ನಾನು ಅವರ ಕಣ್ಣೆದುರೇ ಪರದೆ ತೋರಿಸುತ್ತಾ ಲೆಕ್ಕಕ್ಕೆ ಏರಿಸಬೇಕು. ಎರಡು ಗಂಟೆ, ಕ್ಯಾಮೆರಾ ಆನ್, ರೂಮಲ್ಲಿ ನಾನೊಬ್ಬನೇ.

"ಸೈಬರ್ ಸೆಂಟರಿನಿಂದ ಮಾಡಲಾ ಮೇಡಂ?" ಅಂತ ಕೇಳಿದೆ.

"ನಾಳೆಯಿಂದ ದಿನಾ ಸೈಬರ್ ಸೆಂಟರಿನಲ್ಲೇ ಕೂತು ಕೆಲಸ ಮಾಡ್ತೀರಾ? ನಿಮ್ಮ ಮನೆ, ನಿಮ್ಮ ಮೆಷೀನು. ಅದನ್ನೇ ನಾನು ನೋಡಬೇಕಾಗಿರೋದು" ಅಂದರು.

ಎರಡು ಗಂಟೆ. ನನ್ನ ಮೆಷೀನು ಒಂದು ಲೋಟ ಕಾಫಿಯ ಮೆಷೀನು.

ಮಂಗಳಾ ತನ್ನ ಸಂಬಳದಲ್ಲಿ ಹೊಸದು ತೆಗೆಯೋಣ ಅಂದಳು. ಬೇಡ ಅಂದೆ. ಊಟ ಅವಳ ಅಪ್ಪನದು, ಲ್ಯಾಪ್‌ಟಾಪ್ ಅವಳದು ಅಂತಾದರೆ ನನ್ನದು ಅಂತ ಉಳಿಯುವುದು ಚಪ್ಪಲಿ ಒಂದೇ.

ಏಪ್ರಿಲ್ ೬, ಭಾನುವಾರ

ರಾಮನವಮಿ. ಪಾನಕ, ಕೋಸಂಬರಿ. ಅತ್ತೆಗೆ ಲ್ಯಾಪ್‌ಟಾಪ್ ವಿಷಯ ಗೊತ್ತಾಯಿತು. ಹಣೆ ಮುಟ್ಟಿ ನೋಡುವಂತೆ ಅದರ ಮೇಲೆ ಅಂಗೈ ಇಟ್ಟರು. "ಉಷ್ಣ ಕಣಪ್ಪ. ಶುದ್ಧ ಉಷ್ಣ" ಅಂದರು.

ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಲ್ಯಾಪ್‌ಟಾಪನ್ನು ನೀರಿನ ಗಡಿಗೆ ಪಕ್ಕದ ಒದ್ದೆ ಮರಳಿನ ಮೇಲೆ ಕೂರಿಸಿ, ಮೇಲೊಂದು ಒದ್ದೆ ಟವೆಲ್ ಹೊದಿಸಿದ್ದರು. ನನ್ನ ಬಾಯಿಂದ ಹೊರಟ ಶಬ್ದಕ್ಕೆ ಪಕ್ಕದ ಮನೆಯ ಸಣ್ಣಕ್ಕ ಪಾನಕದ ಲೋಟ ಹಿಡಿದುಕೊಂಡೇ ಓಡಿ ಬಂದರು. ಅದೃಷ್ಟಕ್ಕೆ ನೀರು ಒಳಗೆ ಇಳಿದಿರಲಿಲ್ಲ. ಆದರೆ ಸಂದಿಗಳಲ್ಲಿ ಮರಳು.

ಮಾವನವರು ಪೇಪರಿನಿಂದ ತಲೆ ಎತ್ತದೆ ಅಡಿಗೆಮನೆ ಕಡೆಗೆ ಹೇಳಿದರು: "ಲೇ, ನಿಮ್ಮ ಅಳಿಯಂದ್ರಿಗೆ ಹೇಳು. ಗಾಡಿ ಕಾಯ್ತಾ ಐತೆ ಅಂದ್ರೆ ಮೇಲೆ ನೀರು ಸುರಿಯಾದಲ್ಲ, ರೇಡಿಯೇಟರ್ ಕಟ್ಕಂಡೈತಾ ನೋಡ್ಬೇಕು ಅಂತ."

ನಾನೂ ಅಡಿಗೆಮನೆ ಕಡೆಗೇ ಹೇಳಿದೆ: "ಅತ್ತೆ, ಇದು ಬಸ್ಸಲ್ಲ ಅಂತ ಹೇಳಿ."

ಅತ್ತೆ ಒಳಗಿನಿಂದ, "ಇಬ್ರಿಗೂ ಕಿವಿ ಐತಲ್ಲ?" ಅಂದರು.

ಏಪ್ರಿಲ್ ೮, ಮಂಗಳವಾರ

ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಹೋಗಿದ್ದೆ. ಅವನು ಲ್ಯಾಪ್‌ಟಾಪ್ ತೆರೆಯಲೂ ಇಲ್ಲ, ಕೈಯಲ್ಲಿ ಎತ್ತಿ ತೂಗಿ ನೋಡಿ, "ಬೋರ್ಡ್ ಹೋಗಿದೆ ಸಾರ್. ಹೊಸದು ತೋರಿಸ್ಲಾ?" ಅಂದ. ಕುಂಬಳಕಾಯಿ ವ್ಯಾಪಾರಿಗಳಾದರೂ ತಟ್ಟಿ ನೋಡುತ್ತಾರೆ.

ಮನೆಗೆ ಬಂದು ಅದನ್ನು ಮಂಚದ ಮೇಲೆ ಎಸೆದಂತೆ ಇಟ್ಟು ಹಿತ್ತಲಿಗೆ ಹೋದೆ. ವಾಪಸು ಬಂದಾಗ ಮಾವನವರು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, ಲ್ಯಾಪ್‌ಟಾಪಿಗೆ ಕಿವಿ ಕೊಟ್ಟು ಅದರೊಂದಿಗೆ ಮಾತಾಡುತ್ತಿದ್ದರು.

"ಏನಮ್ಮಾ, ಏನಾಗ್ತೈತೆ ನಿಂಗೆ? ಉಸ್ರು ಎಲ್ಲಿಂದ ತಗಂತೀಯ, ಎಲ್ಲಿಂದ ಬುಡ್ತೀಯ?"

ಬಾಗಿಲಲ್ಲಿ ನಾನು ನಿಂತಿರುವುದು ಅವರಿಗೆ ಗೊತ್ತಿತ್ತು. ನಾನೂ ಲ್ಯಾಪ್‌ಟಾಪಿಗೇ ಹೇಳಿದೆ. "ಗಾಳಿ ತಳದಿಂದ ಒಳಗೆ ಹೋಗುತ್ತೆ. ಪಕ್ಕದ ಸಂದಿಯಿಂದ ಆಚೆ ಬರುತ್ತೆ."

ಅವರು ಲ್ಯಾಪ್‌ಟಾಪನ್ನು ಕೇಳಿದರು: "ಮತ್ತೆ ನಿನ್ನ ದಿನಾ ಕಂಬಳಿ ಮೇಲೆ ಕೂರ್ಸಿದ್ರೆ ತಳದಿಂದ ಹೆಂಗಮ್ಮ ಗಾಳಿ ಎಳ್ಕಂತೀಯ?"

ನಾನು ಮಂಚದ ಮೇಲೆ ಕೂತು ಕೆಲಸ ಮಾಡುವುದು ಯಾಕೆ? ಇರುವ ಒಂದೇ ಮೇಜಿನ ಮೇಲೆ ಅವರ ಟಿವಿ ಇದೆ. ಅದನ್ನು ಲ್ಯಾಪ್‌ಟಾಪಿಗೆ ಹೇಳಬೇಕೆನಿಸಿತು, ಹೇಳಲಿಲ್ಲ.

ಸಂಜೆ ನೋಡಿದರೆ ಟಿವಿ ನೆಲದ ಮೇಲಿತ್ತು. ಮೇಜು ಖಾಲಿ.

ಏಪ್ರಿಲ್ ೧೦, ಗುರುವಾರ

ಇವತ್ತು ಬಿಚ್ಚಿದೆವು. ಬಿಚ್ಚಿದೆ ಅಂತ ಬರೆಯಬೇಕಿತ್ತು. ಆದರೆ ಸ್ಕ್ರೂಡ್ರೈವರ್ ಅವರದು, ಕೊಡುವಾಗ ಕೈಯಲ್ಲಿ ಕೊಡಲಿಲ್ಲ, ಮೇಜಿನ ಮೇಲಿಟ್ಟು ಹೋದರು. ಹೋದವರು ಬಾಗಿಲಲ್ಲೇ ನಿಂತರು. ನಿಂತವರು ಆಮೇಲೆ ಟಾರ್ಚ್ ಹಿಡಿದರು.

ಸ್ಕ್ರೂಗಳು ಎಳ್ಳು ಕಾಳಿನಷ್ಟು. ಒಂದೊಂದು ಒಂದೊಂದು ಅಳತೆ. ಇಡಲು ಪುಟ್ಟ ಬಟ್ಟಲುಗಳಿರುವ ಡಬ್ಬಿ ಬೇಕು ಅಂದೆ, ಗಾಳಿಗೆ. ಅವರು ಅಡಿಗೆಮನೆಯಿಂದ ಸಾಂಬಾರ ಡಬ್ಬಿಯ ಮುಚ್ಚಳ ತಂದರು.

ಫ್ಯಾನಿನ ಬಾಯಿಗೆ ಕೆಂಪು ಬಣ್ಣದ ದಪ್ಪ ಹಾಸು ಅಂಟಿಕೊಂಡಿತ್ತು. ಇಕ್ಕುಳದಲ್ಲಿ ಎಳೆದರೆ ಒಂದೇ ತುಂಡಾಗಿ ಬಂತು. ಅತ್ತೆ ಬಗ್ಗಿ ನೋಡಿ, "ಅಯ್ಯೋ, ಇದು ನಮ್ಮನೆ ಕಂಬಳಿ!" ಅಂದರು. ಕಳೆದುಹೋದ ಕುರಿಮರಿ ಸಿಕ್ಕಂತೆ.

ಒಳಗಿನ ಧೂಳಿಗೆ ಮಾವನವರು ಬಾಯಲ್ಲಿ ಉಫ್ ಅಂದರು. ಎಲ್ಲವೂ ನನ್ನ ಕಣ್ಣಿಗೆ ಬಂತು. ಬ್ರಷ್ ಬೇಕಾಯಿತು, ಮೆತ್ತನೆಯದು, ಸಣ್ಣದು. ಅವರು ಒಮ್ಮೆ ಮೀಸೆ ಸವರಿಕೊಂಡರು. ಆಮೇಲೆ ಒಳಗೆ ಹೋಗಿ ತಮ್ಮ ಮೀಸೆಗೆ ಬಣ್ಣ ಹಚ್ಚುವ ಬ್ರಷ್ ತಂದು ಕೊಟ್ಟರು. ಈ ಸಲ ಕೈಗೇ ಕೊಟ್ಟರು. ಅವರ ಮೀಸೆ ಕಪ್ಪಾಗಿರುವುದು ಬಣ್ಣದಿಂದ ಎಂದು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಹೇಳಲಿಲ್ಲ.

ಏಪ್ರಿಲ್ ೧೧, ಶುಕ್ರವಾರ

ನಿನ್ನೆ ಮುಚ್ಚುವಾಗ ಒಂದು ಸ್ಕ್ರೂ ಕಮ್ಮಿ ಬಿತ್ತು. ಮೇಜಿನ ಕೆಳಗೆ, ಚಾಪೆಯ ಕೆಳಗೆ, ನನ್ನ ಪಂಚೆಯ ಮಡಿಕೆಯಲ್ಲಿ, ಎಲ್ಲೂ ಇಲ್ಲ. ಮುಚ್ಚಳವನ್ನು ಅತ್ತೆ ಆಗಲೇ ಡಬ್ಬಿಗೆ ಹಾಕಿಬಿಟ್ಟಿದ್ದರು.

ಬೆಳಿಗ್ಗೆ ಉಪ್ಪಿಟ್ಟು. ಮೂರನೇ ತುತ್ತಿಗೆ ಮಾವನವರ ಬಾಯಲ್ಲಿ ಕಟ್ ಅಂತು. ಅವರು ಗಾಬರಿಯಾಗಲಿಲ್ಲ. ನಾಲಿಗೆಯಲ್ಲಿ ಹೊರಳಿಸಿ, ಬೆರಳಲ್ಲಿ ತೆಗೆದು, ಬೆಳಕಿಗೆ ಹಿಡಿದು, ನನ್ನ ಕಡೆ ನೋಡದೆ ನನ್ನ ತಟ್ಟೆಯ ಅಂಚಿಗೆ ಇಟ್ಟರು. ಸಾಸಿವೆ ಜೊತೆ ಒಗ್ಗರಣೆಗೆ ಬಿದ್ದು ಚೆನ್ನಾಗಿ ಹುರಿದಿತ್ತು.

ಸ್ಕ್ರೂ ಹಾಕಿ ಆನ್ ಮಾಡಿದೆ. ಒಂದು ಲೋಟ ಕಾಫಿಯಲ್ಲ, ಪೂರಾ ಒಂದು ಊಟದಷ್ಟು ಹೊತ್ತು ನಡೆಯಿತು! ಆಮೇಲೆ ಆಫ್.

"ಲೇ, ಮೂತಿ ಯಾಕ್ಲಾ ಇಳಿಬುಟ್ಕಂಡೆ? ಮೊದ್ಲು ಊರಾಚೆ ಹಳ್ಳಕ್ಕೂ ಹೋಗ್ತಿರ್ನಿಲ್ಲ, ಈಗ ಪಾವಗಡದ ದಾರೀಲಿ ಮಿಡಿಗೇಶಿವರ್ಗೂ ಬಂದೈತೆ. ಪಾವಗಡ ಎಷ್ಟು ದೂರ?"

ಮಾವನವರ ದನಿ. ಸುತ್ತ ನೋಡಿದೆ. ರೂಮಲ್ಲಿ ಬೇರೆ ಯಾರೂ ಇರಲಿಲ್ಲ. ನನಗೇ ಹೇಳಿದ್ದು. ಅಳಿಯನಿಗೆ ಲೇ! ಕೊರಟಗೆರೆಯಲ್ಲಿ ನಮ್ಮ ಮನೆಯಲ್ಲಿ ಅಳಿಯಂದಿರನ್ನು ಬಹುವಚನ ಬಿಟ್ಟು ಮಾತಾಡಿಸುವುದಿಲ್ಲ. ಮಂಗಳಾಗೆ ಹೇಳಬೇಕು.

ಏಪ್ರಿಲ್ ೧೩, ಭಾನುವಾರ

ಯೂಟ್ಯೂಬ್‌ನಲ್ಲಿ ಒಬ್ಬ ಹಿಂದಿಯವನು ಹೇಳಿದ್ದು: ಒಳಗಿರುವ ಚಿಪ್ಪಿಗೂ ಅದರ ಮೇಲಿನ ತಾಮ್ರದ ಪಟ್ಟಿಗೂ ನಡುವೆ ಒಂದು ಲೇಪ ಇರುತ್ತದೆ. ಚಿಪ್ಪಿನ ಬಿಸಿಯನ್ನು ತಾಮ್ರಕ್ಕೆ ದಾಟಿಸುವುದು ಅದೇ. ಅದು ಒಣಗಿದರೆ ಬಿಸಿ ಒಳಗೇ ಉಳಿಯುತ್ತದೆ. ನಮ್ಮದನ್ನು ತೆಗೆದು ನೋಡಿದರೆ ಲೇಪ ಹೋಗಿ ಗೋಡೆಯ ಸುಣ್ಣದ ಹಾಗೆ ಉದುರಿತು.

ಆ ಲೇಪ ಮಧುಗಿರಿಯ ಅಂಗಡಿಗಳಲ್ಲಿ ಇಲ್ಲ. ಹಿಂದಿಯವನೇ ಹೇಳಿದ, ತುರ್ತಿಗೆ ಹಲ್ಲುಜ್ಜುವ ಪೇಸ್ಟು ಹಚ್ಚಬಹುದು ಅಂತ.

"ಯಾವ್ ಪೇಸ್ಟು?" ಅಂದರು ಮಾವ.

"ಬಿಳೀದು ಅಂತ ಹೇಳ್ತಿದ್ದಾನೆ."

"ನಮ್ಮನೇದು ಲವಂಗದ್ದು, ಕೆಂಪು."

"ನಡೆಯುತ್ತೆ ಬಿಡಿ."

ಹಚ್ಚಿದೆವು. ಮಾವ ಬೆರಳಲ್ಲಿ ಎಷ್ಟು ಹಾಕಬೇಕೆಂದು ಕೇಳಿದ್ದಕ್ಕೆ ಕಡಲೆ ಕಾಳಷ್ಟು ಅಂದೆ, ಅವರು ನೆನೆಸಿದ ಕಡಲೆ ಅಂದುಕೊಂಡರು. ಆದರೂ ಓಡಿತು! ಮಧ್ಯಾಹ್ನದ ಊಟಕ್ಕೆ ಮುಂಚೆ ಹಾಕಿದ್ದು ಸಂಜೆ ಕಾಫಿಯವರೆಗೂ ಓಡಿತು. ಕೀಲಿಮಣೆಯ ಸಂದಿಯಿಂದ ಲವಂಗದ ಘಮ. ಲ್ಯಾಪ್‌ಟಾಪಿನ ಮುಂದೆ ಕೂತರೆ ಈಗಷ್ಟೇ ಹಲ್ಲುಜ್ಜಿದವರ ಹತ್ತಿರ ಮಾತಾಡುತ್ತಿರುವಂತೆ ಅನಿಸುತ್ತದೆ.

ಮಾವ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಮೂಸಿಸಿದರು.

ಏಪ್ರಿಲ್ ೧೫, ಮಂಗಳವಾರ

ಪೇಸ್ಟು ಒಣಗಿ ಹೋಯಿತು. ಈಗ ಆನ್ ಮಾಡಿದ ಕೂಡಲೇ ಆಫ್. ಮೊದಲಿಗಿಂತ ಕೆಟ್ಟಿದೆ. ಪರೀಕ್ಷೆಗೆ ಒಂದು ವಾರ.

ಮಾವ, "ಇನ್ನೊಂದ್ಸಲ ಹಚ್ಚಾನ, ಈ ಸಲ ಸ್ವಲ್ಪ ಹರಳೆಣ್ಣೆ ಸೇರ್ಸಿ" ಅಂದರು. ನನಗೆ ಏನಾಯಿತೋ. "ಇದು ನಿಮ್ಮ ಬಸ್ಸಲ್ಲ! ಬಸ್ಸು ಬಿಟ್ಟು ನಿಮಗೆ ಇನ್ನೇನು ಗೊತ್ತು? ಸುಮ್ಮನೆ ಕೂತ್ಕೊಳ್ಳಿ!" ಅಂತ ಕಿರುಚಿಬಿಟ್ಟೆ. ಅವರು ಕೈಯಲ್ಲಿದ್ದ ಟಾರ್ಚ್ ಆರಿಸಿ ಮೇಜಿನ ಮೇಲಿಟ್ಟು ಹೊರಗೆ ಹೋದರು.

ಮಂಗಳಾ ಡ್ಯೂಟಿಯಿಂದ ಬಂದವಳು ಎಲ್ಲ ಕೇಳಿಸಿಕೊಂಡು ಅಪ್ಪನ ತಟ್ಟೆ ಹಿಡಿದು ಜಗಲಿಗೆ ಹೋದಳು. ನನ್ನ ತಟ್ಟೆಗೆ ನಾನೇ ಬಡಿಸಿಕೊಂಡೆ.

ಏಪ್ರಿಲ್ ೧೬, ಬುಧವಾರ

ಮನೆಯಲ್ಲಿ ಸದ್ದಿಲ್ಲ. ಜನವರಿಯಿಂದ ಮಾತಿಲ್ಲದೆ ಆರಾಮಾಗಿ ಇದ್ದ ಮನೆಯಲ್ಲಿ ಇವತ್ತು ನಾನು ಅರ್ಧ ಊಟಕ್ಕೇ ಎದ್ದೆ. ಬಿಸಿಲಿಗೆ ಇರಬೇಕು.

ಸಂಜೆ ಮಾವ ಇಸ್ತ್ರಿ ಅಂಗಡಿಯಿಂದ ಬಿಳಿ ಶರ್ಟು ತಂದು ಗೂಟಕ್ಕೆ ಹಾಕಿ, ಅಡಿಗೆಮನೆ ಕಡೆಗೆ ಹೇಳಿದರು: "ನಿಮ್ಮ ಅಳಿಯಂದ್ರಿಗೆ ಹೇಳು. ಶಿರಾ ಬಸ್ಸು ಬೆಳಿಗ್ಗೆ ಒಂಬತ್ತಕ್ಕೆ. ಆ ಕಾಯೋ ಡಬ್ಬಿನೂ ತಗಂಡು ಬರ್ಲಿ."

ಏಪ್ರಿಲ್ ೧೭, ಗುರುವಾರ

ಮಾವನ ಜೊತೆ ಬಸ್ಸಿನಲ್ಲಿ ಕೂರುವುದು ಒಂದು ಶಿಕ್ಷೆ. ಅವರು ಕೂತ ಸೀಟಿನಲ್ಲೇ ಬ್ರೇಕ್ ಒತ್ತುತ್ತಾರೆ. ತಿರುವಿನಲ್ಲಿ ಇಲ್ಲದ ಸ್ಟೀರಿಂಗ್ ತಿರುಗಿಸಿ ನನ್ನ ಪಕ್ಕೆಗೆ ಮೊಣಕೈ ಹಾಕುತ್ತಾರೆ. "ಸೆಕೆಂಡ್ ಗೇರ್ ಹಾಕು ನಾಯನಾ, ಪೈಕಿ ಪೋತುಂದಿ ರೋಡ್ಡು" ಅಂತ ಡ್ರೈವರಿಗೆ ಕೂಗಿದರು, ದಾರಿ ಏರುತ್ತಿದೆ ಅಂತ. ಪಾವಗಡ ಲೈನಿನಲ್ಲಿ ಇದ್ದವರಿಗೆ ಸಿಟ್ಟು ಬಂದರೆ ತೆಲುಗೇ ಬರುವುದಂತೆ. ಡ್ರೈವರು ಹಿಂತಿರುಗಿ, "ನೀವೇ ಓಡಿಸ್ತೀರಾ ಯಜಮಾನ್ರೇ?" ಅಂದ. ನಾನು ಬೇಡ ಅಂತ ಅವರ ಶರ್ಟು ಹಿಡಿದುಕೊಂಡೆ, ಎದ್ದೇಬಿಟ್ಟಿದ್ದರು.

ಶಿರಾದಲ್ಲಿ ಅಹಮದ್ ಷರೀಫ್ ಎಂಬವರ ಮನೆ. ಮಾವನ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಅವರ ಮಗ ರಿಯಾಜ್ ಮನೆಯ ಮುಂದುಗಡೆಯೇ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಷರೀಫ್ ಸಾಹೇಬರು ಮಾವನನ್ನು ತಬ್ಬಿಕೊಂಡು, "ಅರೇ ಪೆದ್ದಣ್ಣ, ಮೀಸೆ ಏನ್ ಯಾರ್ ಬೆಳ್ಳಗಾಗೋಯ್ತು?" ಅಂದರು.

ನಾನು ಬೇರೆ ಕಡೆ ನೋಡಿದೆ. ಬ್ರಷ್ ಇನ್ನೂ ನನ್ನ ಬ್ಯಾಗಿನಲ್ಲಿದೆ.

ರಿಯಾಜ್ ಲ್ಯಾಪ್‌ಟಾಪ್ ಬಿಚ್ಚಿದ. ಮೂಗು ಹತ್ತಿರ ತಂದ. ನಮ್ಮಿಬ್ಬರ ಮುಖ ನೋಡಿದ. "ಇದಕ್ಕೆ ಹಲ್ಲುಜ್ಜಿಸಿದ್ದು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಮಾವ, "ನಾನೇ ಕಣಪ್ಪ. ಇವ್ನು ಬ್ಯಾಡ ಅಂತಾನೇ ಇದ್ದ" ಅಂದರು.

ಪೇಸ್ಟಿನ ಯೋಚನೆ ನನ್ನದು. ಯಾಕೆ ಹಾಗೆ ಹೇಳಿದರೋ. ಅವರ ವಯಸ್ಸಿಗೆ ಮರೆವು ಇರಬೇಕು.

ರಿಯಾಜ್ ಪೇಸ್ಟನ್ನೆಲ್ಲ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಸರಿಯಾದ ಲೇಪ ಹಚ್ಚಿದ. ಫ್ಯಾನು ಸುಸ್ತಾಗಿದೆ, ಬದಲಾಯಿಸಬೇಕು, ಹೊಸದು ತರಿಸಲು ಹತ್ತು ದಿನ ಹಿಡಿಯುತ್ತೆ ಅಂದ. ಅಲ್ಲಿಯವರೆಗೆ ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟು ಗಾಳಿ ಹೊಡೆಸಿದರೆ ಎರಡು ಗಂಟೆ ಓಡುತ್ತದಂತೆ. "ಗಾಳಿ ನಿಲ್ಲಬಾರದು ಅಣ್ಣ. ನಿಂತರೆ ಹತ್ತು ನಿಮಿಷ ಅಷ್ಟೇ."

ಮಾವ ರಿಯಾಜ್‌ನ ಪಕ್ಕ ಬಗ್ಗಿ ನಿಂತು ಪ್ರಶ್ನೆ ಕೇಳುತ್ತಿದ್ದಾಗ ಷರೀಫ್ ಸಾಹೇಬರು ನನಗೆ ಚಹಾ ಕೊಟ್ಟು ಪಕ್ಕದಲ್ಲಿ ಕೂತರು. "ಬಸ್ಸು ಮಾರ್ಬಿಟ್ಟು ಓನರ್ರು ಇವ್ನನ್ನ ಮನೆಗೆ ಕಳಿಸಿದ್ರಲ್ಲ, ಆಗ ಇವ್ನು ಎಷ್ಟೋ ತಿಂಗಳು ಹೆಂಡ್ತಿ ಹತ್ರಾನೂ ಮಾತಾಡಿರ್ಲಿಲ್ಲ ಬೇಟಾ. ದಿನಾ ಬೆಳಿಗ್ಗೆ ಖಾಕಿ ಹಾಕ್ಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ಕೂರೋನು. ಕೆಲಸ ಇಲ್ದಿದ್ದಾಗ ಗಂಡಸು ಎಂಗಿರ್ತಾನೆ ಅಂತ ಇವ್ನಿಗೆ ಚೆನ್ನಾಗಿ ಗೊತ್ತು."

ಗೊತ್ತಿದ್ದೂ ಸಂಕ್ರಾಂತಿಯಲ್ಲಿ ಹಾಗೆ ಅಂದರಲ್ಲ ಅಂತ ಕೇಳಬೇಕೆನಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಕಿಟಕಿ ಆಚೆ ನೋಡಿಕೊಂಡು, "ನಂಗೆ ತಮಾಷೆ ಮಾಡಕ್ಕೆ ಬರಕ್ಕಿಲ್ಲ ಕಣ್ಲಾ. ಮಾಡಕ್ಕೋಗಿ ಎಡವಟ್ಟಾಯ್ತದೆ" ಅಂದರು. ಯಾವುದರ ಬಗ್ಗೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. "ಮೊನ್ನೆ ನಾನೂ ಸ್ವಲ್ಪ ಜಾಸ್ತಿ ಮಾತಾಡಿದೆ ಮಾವ" ಅಂದೆ. "ಮೊನ್ನೆನಾ? ಯಾವಾಗ?" ಅಂದರು. ನಾನು ಅಂದದ್ದು ಸರಿ, ಮರೆವು ಶುರುವಾಗಿದೆ.

ಏಪ್ರಿಲ್ ೨೦, ಭಾನುವಾರ

ಪರೀಕ್ಷೆಗೆ ತಾಲೀಮು. ಮಾವ ಕುರ್ಚಿ ಹಾಕಿಕೊಂಡು ಆಡಿಟರ್ ಮೇಡಂ ಆದರು. ಹೆಗಲಿಗೆ ಅತ್ತೆಯ ಟವೆಲ್, ಮೂಗಿನ ತುದಿಗೆ ಕನ್ನಡಕ.

"ಏನಪ್ಪಾ ನರಸಿಂಹರಾಜು, ಹೆಂಗದೆ ಲೆಕ್ಕ?"

"ಮೇಡಂ ಹಾಗೆ ಕೇಳಲ್ಲ ಮಾವ."

"ಮತ್ತೆ ಹೆಂಗೆ ಕೇಳ್ತಾರೆ?"

"ಈ ಬಿಲ್ಲಿಗೆ ತೆರಿಗೆ ಎಷ್ಟು ಹಾಕ್ತೀರಿ ಅಂತಾರೆ."

"ಎಷ್ಟು ಹಾಕ್ತೀಯ?"

"ಹದಿನೆಂಟು."

"ಜಾಸ್ತಿ ಆಯ್ತು. ಕಮ್ಮಿ ಮಾಡು, ಪಾಪ ಯಾವನೋ ಬಡವ."

ಮಂಗಳಾ ನಕ್ಕು ನಕ್ಕು ಗೋಡೆಗೆ ಒರಗಿದಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು. ನಾನೇ ಗಮನಿಸಿರಲಿಲ್ಲವೋ ಏನೋ.

ಟೇಬಲ್ ಫ್ಯಾನ್ ಇಟ್ಟು ಎರಡು ಗಂಟೆ ಓಡಿಸಿದೆವು. ಆಫ್ ಆಗಲಿಲ್ಲ.

ಏಪ್ರಿಲ್ ೨೨, ಮಂಗಳವಾರ

ಉದ್ದ ಬರೆಯುತ್ತೇನೆ. ಬೇರೆ ಯಾರ ಹತ್ತಿರವೂ ಹೇಳುವಂತಿಲ್ಲ. ಆಗಲೇ ಬೀದಿಗೆಲ್ಲ ಗೊತ್ತಾಗಿದೆ, ಅದು ಬೇರೆ ವಿಷಯ.

ಬೆಳಿಗ್ಗೆ ಹತ್ತಕ್ಕೆ ಶುರು. ಮಂಗಳಾ ಡ್ಯೂಟಿಗೆ ಹೋಗಿದ್ದಳು. ಮಾವ ಬಾಗಿಲ ಹೊರಗೆ ಕಾವಲು. ಸೊಪ್ಪು ಮಾರುವವಳು ಕೂಗಿದರೆ ಓಡಿ ಹೋಗಿ ಅವಳ ಬುಟ್ಟಿಯ ಸೊಪ್ಪನ್ನೆಲ್ಲ ಕೊಂಡು ಸುಮ್ಮನಾಗಿಸಿದರಂತೆ. ಒಳಗೆ ನಾನು, ಲ್ಯಾಪ್‌ಟಾಪ್, ಟೇಬಲ್ ಫ್ಯಾನ್. ವರಲಕ್ಷ್ಮಿ ಮೇಡಂ ಕನ್ನಡಕದ ಮೇಲಿಂದ ನೋಡಿ, "ಒಬ್ಬರೇ ಇದ್ದೀರಿ ತಾನೆ? ಯಾರೂ ಹೇಳಿಕೊಡಬಾರದು" ಅಂದರು. ಒಬ್ಬನೇ ಅಂದೆ. ಬಿಲ್ಲುಗಳು ಬಂದವು. ಮೊದಲ ಬಿಲ್ಲಿಗೆ ತಡಕಾಡಿದೆ, ಆದರೆ ನಾಲ್ಕು ಬಿಲ್ ಆಗುವಷ್ಟರಲ್ಲಿ ಹಳೆಯ ರೂಢಿ ವಾಪಸು ಬಂತು.

ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಕರೆಂಟು ಹೋಯಿತು.

ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಿಂತಿತು, ಇಂಟರ್ನೆಟ್ ಫೋನಿನಿಂದ ಬರುತ್ತಿತ್ತು. ನಿಂತಿದ್ದು ಟೇಬಲ್ ಫ್ಯಾನ್. "ಕರೆಂಟ್ ಹೋಗಿದೆ ಮೇಡಂ, ತೊಂದರೆ ಇಲ್ಲ" ಅಂದೆ. ತೊಂದರೆ ಅಂಗೈ ಕೆಳಗೇ ಶುರುವಾಗಿತ್ತು. ತಳ ಕಾಯುತ್ತಾ ಬಂತು. ಒಳಗಿನ ಮುದಿ ಫ್ಯಾನು ಕೊಯ್ಯೋ ಅನ್ನತೊಡಗಿತು. ಹತ್ತು ನಿಮಿಷ ಅಷ್ಟೇ ಅಂದಿದ್ದ ರಿಯಾಜ್.

ಬಾಗಿಲು ಮೆಲ್ಲಗೆ ತೆರೆಯಿತು. ಮಾವ ನಾಲ್ಕು ಕಾಲಲ್ಲಿ ಒಳಗೆ ಬಂದರು. ಬಾಯಲ್ಲಿ ಅಲ್ಲ, ಪುಣ್ಯಕ್ಕೆ ಕಂಕುಳಲ್ಲಿ ಅತ್ತೆಯ ಮೊರ. ಕ್ಯಾಮೆರಾಗೆ ಕಾಣದಂತೆ ತೆವಳಿಕೊಂಡು ಬಂದು ಮೇಜಿನ ಪಕ್ಕ ಮಂಡಿಯೂರಿ ಬೀಸತೊಡಗಿದರು. ಅಬ್ಬಾ, ಎಂಥ ಗಾಳಿ! ಮೊರದಲ್ಲಿ ಉಳಿದಿದ್ದ ರಾಗಿ ಹೊಟ್ಟೆಲ್ಲ ಮೊದಲ ಬೀಸಿಗೇ ನನ್ನ ಮುಖಕ್ಕೆ. ಎರಡು ಸಲ ಸೀನಿದೆ. ಕೊಯ್ಯೋ ಶಬ್ದ ಇಳಿಯಿತು. ನಾನು ಬಿಲ್ ಏರಿಸುತ್ತಲೇ ಇದ್ದೆ.

"ನರಸಿಂಹರಾಜು."

"ಮೇಡಂ."

"ಕರೆಂಟ್ ಇಲ್ಲ ಅಂದ್ರಿ. ನಿಮ್ಮ ಕೂದಲು ಯಾಕೆ ಹಾರ್ತಿದೆ?"

ಏನು ಹೇಳಲಿ? ಕಿಟಕಿ ಅನ್ನಬಹುದಿತ್ತು. ಬೆಟ್ಟದ ಗಾಳಿ ಅನ್ನಬಹುದಿತ್ತು. ಮೊರ ಒಂದು ಕ್ಷಣ ನಿಂತಿತು, ಕೂದಲೂ ನಿಂತಿತು. ಮತ್ತೆ ಬೀಸಿತು, ಕೂದಲು ಮತ್ತೆ ಎದ್ದಿತು.

"ರೂಮಲ್ಲಿ ಇನ್ಯಾರೋ ಇದ್ದಾರೆ" ಅಂದರು ಮೇಡಂ. ದನಿ ಬದಲಾಗಿತ್ತು. "ನಾನು ಮೊದಲೇ ಹೇಳಿದ್ದೆ."

"ಇದ್ದಾರೆ ಮೇಡಂ. ನಮ್ಮ ಮಾವ. ಲೆಕ್ಕ ಹೇಳಿಕೊಡ್ತಿಲ್ಲ, ಗಾಳಿ ಹಾಕ್ತಿದ್ದಾರೆ. ಲ್ಯಾಪ್‌ಟಾಪ್ ಕಾಯುತ್ತೆ. ಅದಕ್ಕೆ."

ಹೇಳಿ ಮುಗಿಸಿದಾಗ ಕೆಲಸ ಹೋಯಿತು ಅಂತಲೇ ಅಂದುಕೊಂಡೆ. ಆಗ ಮಾವ ಎದ್ದು ನಿಂತರು. ತಲೆಯಿಂದ ಮೀಸೆಯವರೆಗೆ ರಾಗಿ ಹೊಟ್ಟು. ಪರದೆಗೆ ಕೈ ಮುಗಿದರು.

"ನಮಸ್ಕಾರ ಕಣಮ್ಮ. ನಂಗೆ ಲೆಕ್ಕ ಬರಕ್ಕಿಲ್ಲ. ಅದೇನಿದ್ರೂ ನಮ್ ಕಂಡಕ್ಟರು ನೋಡ್ಕಳ್ಳೋರು. ಗಾಡಿ ಕಾಯ್ತಾ ಐತೆ, ಅದುಕ್ಕೆ ಗಾಳಿ ಹಾಕ್ತಾ ಇವ್ನಿ. ನೀವು ನಿಮ್ಮ ಪಾಡಿಗೆ ನಡೆಸ್ಕಳಿ ತಾಯಿ, ನಾನಂತೂ ನಿಲ್ಸಕ್ಕಿಲ್ಲ." ಇಷ್ಟು ಹೇಳುವಾಗ ಕೈ ಬಿಡುವಾಗಿರಲೆಂದು ಮೊರವನ್ನು ನನಗೆ ಕೊಟ್ಟಿದ್ದರು. ನಾನೇ ಬೀಸುತ್ತಿದ್ದೆ.

ಮೇಡಂ ಮೈಕ್ ಆರಿಸಿ ಆ ಕಡೆ ತಿರುಗಿದರು. ಅವರ ಭುಜ ಅಲುಗುತ್ತಿತ್ತು. ಕೆಮ್ಮು ಇರಬೇಕು. ತಿರುಗಿ ಬಂದಾಗ ಕಣ್ಣು ಒರೆಸಿಕೊಂಡು, "ಅವರನ್ನ ಕ್ಯಾಮೆರಾಗೆ ಕಾಣೋ ಹಾಗೆ ಕೂರಿಸಿ. ಮುಂದಿನ ಬಿಲ್ಲು" ಅಂದರು.

ಉಳಿದ ಹೊತ್ತೆಲ್ಲ ಮಾವ ನನ್ನ ಬಲಗಡೆ ಸ್ಟೂಲಿನ ಮೇಲೆ ಕೂತು, ದೇವರಿಗೆ ಚಾಮರ ಬೀಸುವವರಂತೆ ನೆಟ್ಟಗೆ ಕ್ಯಾಮೆರಾ ನೋಡುತ್ತಾ ಬೀಸಿದರು. ಕೈ ಸೋತಾಗ ಅತ್ತೆ ಬಂದರು. ಅವರು ರೂಢಿಗೆ ಒಂದೆರಡು ಸಲ ಕೇರಿಯೂ ಬಿಟ್ಟರು. ಕೊನೆಯ ಬಿಲ್ಲು ಏರಿಸಿ ಮುಗಿಸಿದಾಗ ಬ್ಯಾಟರಿ ಕೆಂಪಾಗಿತ್ತು, ಲ್ಯಾಪ್‌ಟಾಪ್ ಬೆಚ್ಚಗಿತ್ತು. ಬೆಚ್ಚಗೆ ಅಷ್ಟೇ.

ಸಂಜೆ ಹೊತ್ತಿಗೆ ಮಾವನ ಬಲಗೈ ಮೇಲೆ ಏಳಲಿಲ್ಲ. ಮುಲಾಮು ಹಚ್ಚಿದೆ. ಮಂಗಳಾ ಇನ್ನೂ ಬಂದಿರಲಿಲ್ಲ, ಅತ್ತೆಯ ಕೈಯೂ ನೋಯುತ್ತಿತ್ತು, ಇನ್ಯಾರು ಹಚ್ಚಬೇಕು? "ಮೆಲ್ಲಗೆ ಉಜ್ಜಲಾ ರಾಜ, ಹಿಟ್ಟು ನಾದ್ತಿದ್ದೀಯಾ?" ಅಂತ ಬೈಸಿಕೊಂಡೆ.

ಏಪ್ರಿಲ್ ೨೫, ಶುಕ್ರವಾರ

ಮೇಡಂ ಫೋನ್ ಮಾಡಿದ್ದರು. ಮೊದಲು ಕೇಳಿದ್ದು, "ನಿಮ್ಮ ಮಾವನ ಕೈ ಹೇಗಿದೆ?" ಅಂತ. ಆಮೇಲೆ ಎರಡು ಬಿಲ್ಲಿನಲ್ಲಿ ತಪ್ಪಿದೆ ಅಂತ ಬೈದರು. ಆಮೇಲೆ ಒಂದನೇ ತಾರೀಖಿನ ರಜಾ ಮುಗಿಸಿ ಎರಡರಿಂದ ಶುರು ಮಾಡಿ ಅಂದರು.

ಓಡಿ ಹೋಗಿ ಹೇಳಿದೆ. ಅಡಿಗೆಮನೆಗೆ ಮಂಗಳಾ ಹತ್ತಿರ ಹೋಗಬೇಕು ಅಂತಲೇ ಹೊರಟಿದ್ದು, ಕಾಲು 'ಮಾವ' ಅಂತ ಜಗಲಿ ಕಡೆ ಹೋಯಿತು. ಅವರು ಹತ್ತಿರದಲ್ಲಿದ್ದರು, ಅದಕ್ಕೆ.

ಮೇ ೨, ಶುಕ್ರವಾರ

ಮೊದಲ ದಿನ. ತುಂಬಾ ಕೆಲಸ. ರಿಯಾಜ್ ಹೊಸ ಫ್ಯಾನು ಹಾಕಿಕೊಟ್ಟಿದ್ದಾನೆ, ಲ್ಯಾಪ್‌ಟಾಪ್ ಒಂದು ಸದ್ದೂ ಮಾಡುವುದಿಲ್ಲ. ಮಾವ ಗಳಿಗೆಗೊಮ್ಮೆ ಬಂದು ಅಂಗೈ ಇಟ್ಟು ನೋಡಿ, ತಣ್ಣಗಿದೆ ಅಂತ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ. ಗಮನ ಕೆಡುತ್ತದೆ. ಮಂಗಳಾಗೆ ಹೇಳಿದೆ, ನಿಮ್ಮಪ್ಪನಿಗೆ ಸ್ವಲ್ಪ ಹೇಳು ಅಂತ.

"ನೀವೇ ಹೇಳಿ. ಈಗ ಮಾತಾಡ್ತೀರಲ್ಲ" ಅಂದಳು.

ಮೇ ೭, ಬುಧವಾರ

ಮಾವ ನಿನ್ನೆ ಶಿರಾಕ್ಕೆ ಹೋದರು. ಷರೀಫ್ ಸಾಹೇಬರ ಮೊಮ್ಮಗಳು ಸುಮೈರಾಳ ಮದುವೆ. ಮದುವೆ ನಿನ್ನೆಯೇ ಮುಗಿಯಿತು, ಷರೀಫ್ ಸಾಹೇಬರು ಇನ್ನೆರಡು ದಿನ ಇರು ಅಂತ ಹಿಡಿದುಕೊಂಡಿದ್ದಾರಂತೆ.

ಒಳ್ಳೆಯದೇ ಆಯಿತು. ಇವತ್ತು ಬಾಗಿಲಲ್ಲಿ ಯಾರೂ ನಿಲ್ಲಲಿಲ್ಲ. ಯಾರೂ ಅಂಗೈ ಇಡಲಿಲ್ಲ. ಸದ್ದೇ ಇಲ್ಲ. ಇಷ್ಟು ಆರಾಮಾಗಿ ಕೂತರೆ ಕೆಲಸ ಎರಡರಷ್ಟು ಆಗಬೇಕಿತ್ತು. ಒಂದೇ ಬಿಲ್ಲನ್ನು ಮೂರು ಸಲ ಏರಿಸಿ ಮೇಡಂ ಕೈಲಿ ಬೈಸಿಕೊಂಡೆ. ಊಟಕ್ಕೆ ಕೂತಾಗ ಅತ್ತೆ, "ಯಾಕಪ್ಪಾ, ಉಪ್ಪು ಕಮ್ಮಿ ಐತಾ?" ಅಂದರು. ಸರಿಯಾಗೇ ಇತ್ತು.

ಊಟವಾದ ಮೇಲೆ ಫೋನ್ ಮಾಡಿದೆ. ಊಟ ಆಯ್ತಾ, ಬಿಸಿಲು ಹೇಗಿದೆ ಅಂತ ಕೇಳಿ ಇಟ್ಟುಬಿಡೋಣ ಅಂತಲೇ ಮಾಡಿದ್ದು.

"ಏನ್ಲಾ ರಾಜ?"

"ಏನಿಲ್ಲ ಮಾವ. ಈ ಲ್ಯಾಪ್‌ಟಾಪ್ ಯಾಕೋ ಮತ್ತೆ ಕಾಯ್ತಾ ಇದೆ."

ಆ ಕಡೆ ಕುರ್ಚಿ ಸರಿದ ಸದ್ದು. "ಮುಟ್ಬ್ಯಾಡ. ಹಂಗೇ ಬುಡು. ಬಿಚ್ಚಕ್ಕೆ ಹೋಗ್ಬುಟ್ಟೀಯ! ಮೂರರ ಬಸ್ಸಿಗೆ ಹತ್ತುತೀನಿ." ಆಮೇಲೆ ಫೋನಿನಾಚೆ ಯಾರಿಗೋ, "ಇರಕ್ಕಾಗಲ್ಲ ಷರೀಫಾ, ನಾನಿಲ್ದಿದ್ರೆ ಅಲ್ಲಿ ನಡೆಯಕ್ಕಿಲ್ಲ ಕಣೋ" ಅನ್ನುತ್ತಿದ್ದದ್ದು ಕೇಳಿಸಿತು.

ಲ್ಯಾಪ್‌ಟಾಪ್ ತಣ್ಣಗಿದೆ. ಹೊಳೆಯ ಕಲ್ಲಿನ ಹಾಗೆ ತಣ್ಣಗಿದೆ. ಯಾಕೆ ಹಾಗೆ ಅಂದೆನೋ ನನಗೇ ತಿಳಿಯುತ್ತಿಲ್ಲ. ಅವರು ಐದಕ್ಕೆಲ್ಲ ಬಂದು ಕೈಕಾಲು ತೊಳೆಯದೆ ನೇರವಾಗಿ ಇದರ ಮೇಲೆ ಅಂಗೈ ಇಡುತ್ತಾರೆ. ಅಷ್ಟರೊಳಗೆ ಹೇಗಾದರೂ ಮಾಡಿ ಸ್ವಲ್ಪ ಬಿಸಿ ಮಾಡಬೇಕು.

ತಾರಸಿ ಮೇಲೆ ಇನ್ನೂ ಬಿಸಿಲಿದೆ. ಹೋಗಿ ಇಟ್ಟು ಬರುತ್ತೇನೆ.